ಮನೆ ಉಳೀತಾ?

ಶನಿವಾರದಿಂದ ಅತ್ತೆ ಕೇಳಿದ ಒಂದು ಪ್ರಶ್ನೆ ತಲೆ ಬಿಟ್ಟು ಹೋಗುತ್ತಿಲ್ಲ.

ಶ್ರೀರಂಗಪಟ್ಟಣದಿಂದ ಬಂದವರು ಮೂರು ವಾರ ಸ್ಕಾಟ್ಲೆಂಡಿನ ನಮ್ಮ ಅಬರ್ಡೀನ್ ಮನೆಯೊಳಗೇ ಕೂತಿದ್ದರು. ಪಾಪ ಅಂತ ಇನ್ವರ್ನೆಸ್ ಹತ್ತಿರದ ಕಲೋಡನ್‌ಗೆ ಕರೆದುಕೊಂಡು ಹೋದೆವು. ತಾತ ಕಳೆದುಕೊಂಡ ಬ್ರಿಟಿಷ್ ಸಿಂಹಾಸನ ವಾಪಸ್ ಪಡೆಯಲು ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಬ್ಬಿಸಿದ ದಂಗೆ 1746ರ ಏಪ್ರಿಲ್ 16ರಂದು ಇಲ್ಲೇ ಮುಗಿದದ್ದು. ಒಂದು ಗಂಟೆಯೂ ಹಿಡಿಯಲಿಲ್ಲ, ಸಾವಿರಕ್ಕೂ ಜಾಸ್ತಿ ಜನ ಸತ್ತರು. ಈಗ ಬರೀ ಬಯಲು, ಗಾಳಿ, ಸತ್ತವರನ್ನು ಹೂತ ಕಡೆ ಕುಲದ ಹೆಸರು ಕೆತ್ತಿ 1881ರಲ್ಲಿ ನೆಟ್ಟ ಕಲ್ಲುಗಳು. ಫ್ರೇಸರ್ ಕುಲದ ಕಲ್ಲಿನ ಮುಂದೆ ಹೂವು, ಸೆಲ್ಫಿ. ಯಾವುದೋ ಟೀವಿ ಧಾರಾವಾಹಿಯ ನಾಯಕ ಆ ಕುಲದವನಂತೆ. 'ಮಿಶ್ರ ಕುಲಗಳು' ಅಂತಷ್ಟೇ ಕೆತ್ತಿದ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ.

ಅತ್ತೆ ನಿಂತದ್ದು ಅಲ್ಲಿ. "ಇವ್ರೆಲ್ಲ ಯಾಕ್ ಬಂದಿದ್ರಂತೆ, ಕೇಳವ್ವ."

ಗೈಡ್ ವಯಸ್ಸಾದವರು, ಅವಸರವಿಲ್ಲದ ಮನುಷ್ಯ. ಕೆಲವರು ರಾಜವಂಶದ ಮೇಲಿನ ನಂಬಿಕೆಯಿಂದ ಬಂದರು, ಸರಿ. ಆದರೆ ಎಷ್ಟೋ ಜನಕ್ಕೆ ಕುಲದ ಒಡೆಯನಿಂದ ಹೇಳಿಕೆ ಬಂದಿತ್ತು: ದಂಡಿಗೆ ಬಾ, ಇಲ್ಲದಿದ್ದರೆ ನಿನ್ನ ಹುಲ್ಲಿನ ಚಾವಣಿಗೆ ಬೆಂಕಿ. ಉಳುವ ನೆಲ ಅವನದೇ, ಇಲ್ಲ ಅನ್ನೋದು ಹೇಗೆ? ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ.

"ಸರಿ, ಬಂದ್ರಲ್ಲ. ಮನೆ ಉಳೀತಾ?"

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆತ ನನ್ನನ್ನು ಬಿಟ್ಟು ಅತ್ತೆಯ ಮುಖ ನೋಡಿ ತಲೆಯಾಡಿಸಿದರು. ಯುದ್ಧ ಮುಗಿದ ಮೇಲೆ ಸರ್ಕಾರದ ಸೈನಿಕರು ಕಣಿವೆ ಕಣಿವೆಗೆ ನುಗ್ಗಿ ಮನೆ ಸುಟ್ಟರು. ದನಗಳನ್ನು ಸಾವಿರಗಟ್ಟಲೆ ಫೋರ್ಟ್ ಅಗಸ್ಟಸ್‌ಗೆ ಹೊಡೆದುಕೊಂಡು ಹೋಗಿ ಮಾರಿದರು. ಹೋಗದಿದ್ದರೆ ಒಡೆಯ ಸುಡುತ್ತಾನೆ, ಹೋದರೆ ಸರ್ಕಾರ ಸುಡುತ್ತದೆ.

ಮನೆ ಉಳೀತಾ? ಇತಿಹಾಸದ ಪುಸ್ತಕ ನಾಲ್ಕು ಓದಿದ ನನಗೆ ಇದು ಹೊಳೆದೇ ಇರಲಿಲ್ಲ. ನನ್ನ ಗಂಡ ಅಷ್ಟರಲ್ಲಿ ಕಾಫಿ ಹುಡುಕಿಕೊಂಡು ಹೋಗಿದ್ದರು. ಅವರಿಗೆ ಇತಿಹಾಸ ಅಂದರೆ ರಾಜರ ಪಟ್ಟಿ.

ಒಡೆಯರ ಕಥೆ ಬೇರೆ. ಕ್ಯಾಮರನ್ ಕುಲದ ಲೊಕೀಲ್‌ಗೆ ಸೌಮ್ಯ ಸ್ವಭಾವದವನು ಅಂತ ಹೆಸರು. ಅವನ ಕಡೆಯವರೂ ಬೆಂಕಿಯ ಬೆದರಿಕೆ ಹಾಕಿದವರೇ. ಸೋತ ಮೇಲೆ ಅವನಿಗೆ ಫ್ರಾನ್ಸಿನಲ್ಲಿ ಒಂದು ರೆಜಿಮೆಂಟ್ ಸಿಕ್ಕಿತು. ಸಿಕ್ಕಿಬಿದ್ದ ಸಾಮಾನ್ಯರಿಗೆ ಸಿಕ್ಕಿದ್ದು ಚೀಟಿ. ಚೀಟಿ ಎತ್ತಿಸಿ 20 ಜನರಲ್ಲಿ ಒಬ್ಬನಿಗೆ ವಿಚಾರಣೆ, ಉಳಿದವರಲ್ಲಿ ನೂರಾರು ಜನ ಹಡಗು ಹತ್ತಿ ವಸಾಹತುಗಳಿಗೆ. ಚಾರ್ಲ್ಸ್ ಮಾತ್ರ 1788ರವರೆಗೆ ಬದುಕಿ ರೋಮ್‌ನಲ್ಲಿ ಸತ್ತ. ನನಗೆ ಅವನ ಮೇಲೆ ಒಂದಿಷ್ಟೂ ಕನಿಕರ ಬರುವುದಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಲಾರ್ಡ್ ಮೆಕ್ಲೌಡ್ ವಿಷಯ ಹೇಳಿದೆ. ಅದೇ ದಂಗೆಯಲ್ಲಿ ಚಾರ್ಲ್ಸ್ ಕಡೆ ಇದ್ದ 18ರ ಹುಡುಗ. ಸಿಕ್ಕಿಬಿದ್ದ, ದೊಡ್ಡ ಮನೆತನ, ಕ್ಷಮೆ ಸಿಕ್ಕಿತು. 1777ರಲ್ಲಿ ಬ್ರಿಟಿಷ್ ರಾಜನಿಗಾಗಿ ಅದೇ ಬೆಟ್ಟಗಳ ಹುಡುಗರ ರೆಜಿಮೆಂಟ್ ಕಟ್ಟಿದ. ಅದು ಬಂದಿಳಿದದ್ದು ಮದರಾಸಿಗೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಕೈಯಲ್ಲಿ ಅದರ ಒಂದು ಭಾಗ ನುಚ್ಚುನೂರಾಯಿತು. ಬದುಕಿದವರನ್ನು ತಂದು ಕೂಡಿಹಾಕಿದ್ದು ಶ್ರೀರಂಗಪಟ್ಟಣದಲ್ಲಿ.

"ನಮ್ಮೂರಲ್ಲಾ?" ಅತ್ತೆ ಮುಂದಿನ ಸೀಟಿನಿಂದ ಪೂರ್ತಿ ತಿರುಗಿದರು. "ಸರಪಳಿ ಕಟ್ಟೋ ತೂತಿನ ಕಲ್ಲು ಅವಲ್ಲ, ಆ ಡಂಜನ್ನಾ? ಬಂದ ನೆಂಟ್ರನ್ನೆಲ್ಲ ಕರ್ಕೊಂಡೋಗಿ ತೋರ್ಸಿದೀನಿ ಕಣೆ." ಆಮೇಲೆ ತುಂಬಾ ಹೊತ್ತು ಮಾತಿಲ್ಲ.

ರಾತ್ರಿ ತಂಗಿಗೆ ಫೋನ್ ಮಾಡಿದರು. ಕೋಟೆ, ಸರೋವರ ಯಾವುದರ ಸುದ್ದಿಯೂ ಇಲ್ಲ. ಆ ಬಯಲಿನಲ್ಲಿ ಹುಲ್ಲು ಹೊದಿಸಿದ ಹಳೇ ಮನೆ ಒಂದಿದೆ, ಲೀನಕ್ ಅಂತ. ಹೊದಿಕೆ ಎಷ್ಟು ದಪ್ಪ, ತಾನು ಸೂರಿನಂಚಿಗೆ ಕೈ ಹಾಕಿ ನೋಡಿದ್ದು, ಇದನ್ನೇ ಹೇಳಿದರು. ಆಮೇಲೆ ಪಕ್ಕದ ಹಳ್ಳಿಯಲ್ಲಿ ಮೊನ್ನೆ ನಡೆದ ಹಾಗೆ ದನಿ ತಗ್ಗಿಸಿ, "ದನಾನೂ ಬಿಡ್ಲಿಲ್ವಂತೆ ಕಣೆ," ಅಂದರು.