ಇಲ್ಲ, ಚಕ್ರ ಬಂದಿಲ್ಲ

ನಮ್ಮ ಮನೆ ಹಾಲ್‌ನಲ್ಲಿ ಟಿವಿ ಮೇಲೆ ಒಂದು ಕಪ್ಪು-ಬಿಳುಪು ಫೋಟೋ ಇದೆ. ಯೂನಿಫಾರ್ಮ್ ಹಾಕಿದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಬಂದವರೆಲ್ಲ "ಯಾರು ಇವರು?" ಅಂತ ಕೇಳುತ್ತಾರೆ. ನನ್ನ ಚಿಕ್ಕಪ್ಪ, 1971ರ ಯುದ್ಧದಲ್ಲಿ ಹೋದ ಅನ್ನುತ್ತೇನೆ. ಕಾಫಿ ಲೋಟ ಕೆಳಗಿಡುತ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂದೇ ಬರುತ್ತದೆ: "ಓ... ಯಾವ ಚಕ್ರ ಬಂತು?"

ಇಲ್ಲ. ಬಂದಿಲ್ಲ. ಪಶ್ಚಿಮಿ ಸ್ಟಾರ್ ಬಂದಿದೆ, ಸಂಗ್ರಾಮ್ ಮೆಡಲ್ ಬಂದಿದೆ. ಒಂದು ಪಶ್ಚಿಮದ ಗಡಿಯಲ್ಲಿ ಇದ್ದವರಿಗೆಲ್ಲ ಕೊಟ್ಟದ್ದು, ಇನ್ನೊಂದು ಆಗ ಸೇವೆಯಲ್ಲಿ ಇದ್ದವರಿಗೆಲ್ಲ. ಅಡುಗೆಯವರಿಗೂ ಸೇರಿ. ಆ ಯುದ್ಧದಲ್ಲಿ ಪರಮವೀರ ಚಕ್ರ ಸಿಕ್ಕಿದ್ದು ನಾಲ್ಕೇ ಜನಕ್ಕೆ. ಸತ್ತವರು ಸಾವಿರಾರು. ಲೆಕ್ಕ ನೀವೇ ಹಾಕಿಕೊಳ್ಳಿ. ಇನ್ನು ಯಾರು ಕೇಳಿದರೂ ಇದನ್ನೇ ವಾಟ್ಸಾಪ್ ಮಾಡುವುದು ಅಂತ ತೀರ್ಮಾನಿಸಿದ್ದೇನೆ.

ಪ್ರಶ್ನೆಗಿಂತ ಆಮೇಲಿನ ಮಾತು ಜಾಸ್ತಿ ಉರಿಸುತ್ತದೆ. "ಏನೂ ಬಂದಿಲ್ವಾ? ಹಾಗಾದ್ರೆ ಸುಮ್ನೆ ಹೋಗ್ಬಿಟ್ರಾ?" ಒಬ್ಬರು ಪಾಪ, ಸಮಾಧಾನ ಮಾಡಲು ಹೋಗಿ "ಬಿಡಿ ಸಾರ್, ಅಪ್ಲೈ ಮಾಡಿದ್ರೆ ಈಗ್ಲೂ ಸಿಗಬಹುದು" ಅಂದರು. ರೇಷನ್ ಕಾರ್ಡಾ ಅದು?

ಎರಡು ವರ್ಷದ ಹಿಂದೆ ಆಗಸ್ಟ್ 15ಕ್ಕೆ ನಮ್ಮ ಅಪಾರ್ಟ್‌ಮೆಂಟಿನವರು ಚಿಕ್ಕಪ್ಪನ ಫೋಟೋ ಇಟ್ಟು ಹಾರ ಹಾಕುತ್ತೇವೆ ಅಂದರು. ಖುಷಿಯಿಂದ ಕಳಿಸಿದೆ. ಬೆಳಿಗ್ಗೆ ಇಳಿದು ನೋಡಿದರೆ ಗೇಟಿನ ಪಕ್ಕ ಎಂಟಡಿ ಫ್ಲೆಕ್ಸ್. ತಲೆ ಮಾತ್ರ ಚಿಕ್ಕಪ್ಪನದು. ಕತ್ತಿನ ಕೆಳಗೆ ಈಗಿನ ಕಾಲದ ಚುಕ್ಕೆ ಚುಕ್ಕೆ ಯೂನಿಫಾರ್ಮ್, ಕೈಯಲ್ಲಿ ಎಕೆ-47. ಹಿಂದೆ ಹಿಮದ ಬೆಟ್ಟ, ಹೆಲಿಕಾಪ್ಟರ್. ಅವನು ಸತ್ತದ್ದು ಗೋಧಿ ಬೆಳೆಯುವ ಬಯಲಿನಲ್ಲಿ! ಮೀಸೆಯನ್ನೂ ದಪ್ಪ ಮಾಡಿದ್ದರು. ಕೆಳಗೆ ಹಳದಿ ಅಕ್ಷರದಲ್ಲಿ "ವೀರಚಕ್ರ ಪುರಸ್ಕೃತ". ಕೇಳಿದರೆ ಅಸೋಸಿಯೇಷನ್ ಸೆಕ್ರೆಟರಿ, "ಏನಾದ್ರೂ ಒಂದು ಇರ್ಲೇಬೇಕಲ್ವಾ ಸಾರ್, ಫ್ಲೆಕ್ಸ್ ಅಂಗಡಿ ಹುಡುಗ ಹಾಕ್ಬಿಟ್ಟ" ಅಂದರು.

ಧ್ವಜ ಏರಿಸಲು ಹತ್ತು ನಿಮಿಷ ಇತ್ತು. ಮೇಲೆ ಓಡಿ ಬಿಳಿ ಹಾಳೆ, ಸೆಲ್ಲೋಟೇಪ್ ತಂದು ಆ ಎರಡು ಪದದ ಮೇಲೆ ಅಂಟಿಸಿದೆ. ಭಾಷಣದ ಉದ್ದಕ್ಕೂ ಹಾಳೆಯ ಒಂದು ಮೂಲೆ ಗಾಳಿಗೆ ಎದ್ದು ಪಟಪಟ ಅನ್ನುತ್ತಿತ್ತು. ಎಲ್ಲರೂ ಅದನ್ನೇ ನೋಡಿದರು. ಚಿಕ್ಕಪ್ಪನ ಮಾನ ಉಳಿಸಿದೆ ಅಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ನನ್ನ ಹೆಂಡತಿ, "ನೀವೇ ಅವರ ಎದೆ ಮೇಲಿಂದ ಪದಕ ಕಿತ್ಕೊಂಡ ಹಾಗಿತ್ತು" ಅಂದಳು.

ಸರಿ, ಏನು ಮಾಡುತ್ತಿದ್ದ ಅಂತ ಹೇಳಿಬಿಡುತ್ತೇನೆ. ಹಲಸೂರು ಕೆರೆ ಹತ್ತಿರದ ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದ್ದ. ಮದ್ರಾಸ್ ಸ್ಯಾಪರ್ಸ್, 1780ರಲ್ಲಿ ಶುರುವಾದ ದಳ. ಸೈನ್ಯದಲ್ಲಿ ಇವರನ್ನೆಲ್ಲ 'ತಂಬಿ' ಅನ್ನುತ್ತಾರೆ. ಅಪ್ಪಟ ಕನ್ನಡದವನಾದರೂ ತಂಬಿಯೇ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ಹೂತಿಟ್ಟ ಮೈನ್ (ನೆಲಬಾಂಬ್) ತೆಗೆಯುವುದು ಕೆಲಸ. ಪಾಕಿಸ್ತಾನದ ಶಕರ್‌ಗಢದ ಕಡೆ ನಮ್ಮ ಟ್ಯಾಂಕ್‌ಗಳು ಬಸಂತರ್ ನದಿ ದಾಟಬೇಕಿತ್ತು. ನೆಲದ ತುಂಬ ಮೈನ್. ಡಿಸೆಂಬರ್ ಚಳಿಯ ರಾತ್ರಿ, ಸುತ್ತ ಶೆಲ್ ಬೀಳುತ್ತಿರುವಾಗ, ಹೊಟ್ಟೆ ಮೇಲೆ ತೆವಳುತ್ತಾ ಕಬ್ಬಿಣದ ಕಡ್ಡಿಯನ್ನು ನೆಲಕ್ಕೆ ಓರೆಯಾಗಿ ಚುಚ್ಚುತ್ತಾ ಹೋಗಬೇಕು. ನೇರ ಚುಚ್ಚಿದರೆ ಮೈನಿನ ನೆತ್ತಿಗೇ ತಗಲುತ್ತದೆ. ಪಕ್ಕೆಗೆ ತಗಲಬೇಕು. ಸಿಕ್ಕಿದ್ದನ್ನು ತೆಗೆದು, ದಾರಿಯ ಎರಡೂ ಬದಿಗೆ ಬಿಳಿ ಟೇಪ್ ಎಳೆಯಬೇಕು. ಅದರ ನಡುವೆ ಟ್ಯಾಂಕ್ ಬರುತ್ತದೆ.

15ರ ರಾತ್ರಿ ಈ ಕೆಲಸ ಪೂರ್ತಿ ಮುಗಿಯುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕ್‌ಗಳು ನುಗ್ಗಿದವು. ಮರುದಿನ ಅಲ್ಲಿ ಹೋರಾಡಿ ಸತ್ತ ಅದೇ ರೆಜಿಮೆಂಟಿನ ಅರುಣ್ ಖೇತರ್‌ಪಾಲ್‌ಗೆ ಪರಮವೀರ ಚಕ್ರ ಬಂತು. 21 ವರ್ಷ. ಬರಲೇಬೇಕಾದದ್ದು. ಸ್ಯಾಪರ್‌ಗಳ ಮೇಜರ್ ವಿಜಯ್ ರತ್ತನ್ ಚೌಧರಿಗೆ ಮಹಾವೀರ ಚಕ್ರ, ಅದೂ ಮರಣೋತ್ತರ. ಚಿಕ್ಕಪ್ಪ ಹೋದದ್ದು ಆ ರಾತ್ರಿಗೂ ಎರಡು ದಿನ ಮುಂಚೆ. ಅವನಿಗೆ 22. ಈಗ ನನ್ನ ಮಗನಿಗೇ 24. ಅದಕ್ಕೇ ಬಾಯಲ್ಲಿ ಏಕವಚನ ಬರುತ್ತದೆ, ಬೈಯಬೇಡಿ.

ದೇಹ ಬರಲಿಲ್ಲ. ಯೋಧರ ಪೆಟ್ಟಿಗೆ ಊರೂರಿಗೆ ಬಂದದ್ದು 1999ರ ಕಾರ್ಗಿಲ್‌ನಲ್ಲಿ. ಚಿಕ್ಕಪ್ಪನ ಕಾಲದಲ್ಲಿ ಅಲ್ಲೇ ಸುಡುತ್ತಿದ್ದರು. ನಮ್ಮ ಮನೆಗೆ ಮೊದಲು ಟೆಲಿಗ್ರಾಂ ಬಂತು. ಕೊನೆಗೆ ಕರಿ ಟ್ರಂಕ್ ಬಂತು. ಇವೆರಡರ ನಡುವೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅವನೇ ಬರೆದದ್ದು. ವಿಳಾಸ ಯಾವಾಗಿನ ಹಾಗೆ '56 ಎಪಿಒ', ಅಂದರೆ ಸೈನ್ಯದ ಅಂಚೆ ಕಚೇರಿ. ಅಜ್ಜಿ ಅದೊಂದು ಊರು ಅಂದುಕೊಂಡಿದ್ದಳು. ಅಲ್ಲಿಗೆ ರೈಲು ಎಲ್ಲಿ ಹತ್ತಬೇಕು ಅಂತ ಕೇಳುತ್ತಿದ್ದಳಂತೆ.

ಆ ಪತ್ರದಲ್ಲಿ ಏನಿತ್ತು ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಪ್ಯಾಂಟಿನ ವಿಷಯ ಇತ್ತು. "ಅಣ್ಣಾ, ಟೈಲರ್ ಹತ್ರ ನನ್ನ ಪ್ಯಾಂಟ್ ಇದೆ. ಬಾಕಿ 4 ರೂಪಾಯಿ ಕೊಟ್ಟು ತಂದಿಡು. ರಜಕ್ಕೆ ಬಂದಾಗ ಬೇಕು. ಬೆಲ್ ಬಾಟಮ್ ಅಂತ ಅಪ್ಪಂಗೆ ಹೇಳ್ಬೇಡ." ಯುದ್ಧದ ಬಗ್ಗೆ ಒಂದೇ ಸಾಲು: ಇಲ್ಲಿ ಚಳಿ ಜಾಸ್ತಿ.

ನಮ್ಮಪ್ಪ ಹೋದರು. ಟೈಲರ್ ದುಡ್ಡು ಬೇಡ ಅಂದನಂತೆ. ಅಪ್ಪ ಮೆಷಿನ್ ಮೇಲೆ ಇಟ್ಟು ಬಂದರಂತೆ. ಬೂದು ಬಣ್ಣದ ಟೆರಿಕಾಟ್, ಪಾದದ ಹತ್ತಿರ 26 ಇಂಚು ಸುತ್ತಳತೆ. ಅಪ್ಪನಿಗೆ ಸೊಂಟ ಹಿಡಿಯಲಿಲ್ಲ. ಹತ್ತು ವರ್ಷ ಟ್ರಂಕಿನಲ್ಲೇ ಇತ್ತು. ಆಮೇಲೆ ಒಂದು ದಿನ ಅಜ್ಜಿಯೇ ಕತ್ತರಿ ಹಾಕಿದಳು. ಗಟ್ಟಿ ಬಟ್ಟೆ, ಇಲಿ ಕಡಿಯೋದಕ್ಕಿಂತ ಚೀಲ ಆಗಲಿ ಅಂದಳು.

ಹಲಸೂರಿನ ನ್ಯಾಯಬೆಲೆ ಅಂಗಡಿಯಿಂದ ನಾನು ಸಕ್ಕರೆ ತರುತ್ತಿದ್ದದ್ದು ಆ ಚೀಲದಲ್ಲಿ. ಸೊಂಟದ ಪಟ್ಟಿಯನ್ನು ಹಾಗೇ ಬಾಯಿಗೆ ಬಿಟ್ಟು ಹೊಲಿದಿದ್ದಳು. ಬೆಲ್ಟ್ ತೂರಿಸುವ ಲೂಪ್‌ಗಳೂ ಉಳಿದಿದ್ದವು. ಕ್ಯೂ ಉದ್ದ ಇದ್ದ ದಿನ ಅದರಲ್ಲಿ ಬೆರಳು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ.