ಎನ್‌ಬಿಎ ಆಡದ ಅಲ್ವೆರ್ಟಿಸ್ ಅವರನ್ನು ಏಕೆ ಇಷ್ಟು ಮೆಚ್ಚುತ್ತೇನೆ?

ಯುರೋಪಿನ ಬ್ಯಾಸ್ಕೆಟ್‌ಬಾಲ್ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುತ್ತಾರೆ: ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದ ಗ್ರೀಕ್ ಆಟಗಾರ ಫ್ರಾಗಿಸ್ಕೋಸ್ ಅಲ್ವೆರ್ಟಿಸ್ ಅವರನ್ನು ಅಷ್ಟು ಎತ್ತರದಲ್ಲಿ ಇಡುವುದೇಕೆ?

ಗೆಲುವುಗಳ ಪಟ್ಟಿಯನ್ನು ಮುಂದಿಟ್ಟರೆ ಉತ್ತರ ಸುಲಭ. 1990ರಿಂದ 2009ರವರೆಗೆ ಅವರು ಆಡಿದ್ದು ಅಥೆನ್ಸಿನ ಪನಾಥಿನೈಕೋಸ್ ಎಂಬ ಒಂದೇ ಕ್ಲಬ್ಬಿಗೆ. ಐದು ಬಾರಿ ಯುರೋಪಿನ ಚಾಂಪಿಯನ್ ಪಟ್ಟ, 11 ಬಾರಿ ಗ್ರೀಕ್ ಲೀಗ್. ಆದರೆ ನನ್ನ ಮನಸ್ಸು ತಂಗುವುದು ಈ ಪಟ್ಟಿ ಬೆಳೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ.

ಅಲ್ವೆರ್ಟಿಸ್ ಬಂದಾಗ ಪನಾಥಿನೈಕೋಸ್ ಲೀಗ್ ಗೆದ್ದು ಆರು ವರ್ಷಗಳಾಗಿದ್ದವು. ಮುಂದಿನ ಏಳು ಋತುಗಳಲ್ಲೂ ಅದು ಕೈಗೆ ಸಿಗಲಿಲ್ಲ. 1993ರಿಂದ 1997ರವರೆಗೆ ಸತತ ಐದು ಪ್ರಶಸ್ತಿಗಳನ್ನು ಗೆದ್ದದ್ದು ಬದ್ಧ ಎದುರಾಳಿಯಾದ ಪಿರೇಯಸ್ ಬಂದರಿನ ಒಲಿಂಪಿಯಾಕೋಸ್. 1994 ಮತ್ತು 1995ರ ಯುರೋಪಿಯನ್ ಸೆಮಿಫೈನಲ್‌ಗಳಲ್ಲೂ ಅದೇ ತಂಡ ದಾರಿಗೆ ಅಡ್ಡ ಬಂತು. 1996ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಬಾರ್ಸಿಲೋನಾವನ್ನು 67–66ರಿಂದ ಮಣಿಸಿ ಪನಾಥಿನೈಕೋಸ್ ಮೊದಲ ಬಾರಿಗೆ ಯುರೋಪಿನ ಚಾಂಪಿಯನ್ ಆಯಿತು. ಆ ಸಂಭ್ರಮ ಆರುವ ಮುನ್ನವೇ, ಲೀಗ್ ಫೈನಲ್‌ನ ನಿರ್ಣಾಯಕ ಐದನೇ ಪಂದ್ಯದಲ್ಲಿ ಒಲಿಂಪಿಯಾಕೋಸ್ 73–38ರಿಂದ ಅವರನ್ನು ಸೋಲಿಸಿತು. ಯುರೋಪಿನ ಚಾಂಪಿಯನ್ನರು ಇಡೀ ಪಂದ್ಯದಲ್ಲಿ ಗಳಿಸಿದ್ದು 38 ಅಂಕ! ಇಂಥ ಸೋಲಿನ ನಂತರವೂ ಅದೇ ಹಸಿರು ಅಂಗಿ ತೊಟ್ಟು ಉಳಿದವರನ್ನು ನಾನು ಗೌರವಿಸುತ್ತೇನೆ. 1998ರಲ್ಲಿ ಕೊನೆಗೂ ಲೀಗ್ ಬಂತು.

ಅವರ ಸುತ್ತ ತಂಡ ಬದಲಾಗುತ್ತಲೇ ಇತ್ತು. ಆರಂಭದಲ್ಲಿ ಗ್ರೀಸ್‌ನ ಮಹಾನ್ ಆಟಗಾರ ನಿಕೋಸ್ ಗಾಲಿಸ್ ಜೊತೆಗಿದ್ದರು, ಆಮೇಲೆ ಅಮೆರಿಕದ ಡೊಮಿನಿಕ್ ವಿಲ್ಕಿನ್ಸ್. ಪ್ಯಾರಿಸ್‌ನಲ್ಲಿ ವಿಲ್ಕಿನ್ಸ್, 2000ದಲ್ಲಿ ರೆಬ್ರಾಚಾ, 2002ರಲ್ಲಿ ಬೊಡಿರೊಗಾ, 2007ರಲ್ಲಿ ಡಿಯಮಾಂಟಿಡಿಸ್, 2009ರಲ್ಲಿ ಸ್ಪನೂಲಿಸ್: ಐದು ಪಟ್ಟಗಳು, ಅಂತಿಮ ಸುತ್ತಿನ ಶ್ರೇಷ್ಠ ಆಟಗಾರನ ಬಹುಮಾನ ಪಡೆದವರು ಐವರು ಬೇರೆ ಬೇರೆ. ಆ ಬಹುಮಾನ ಒಮ್ಮೆಯೂ ಅಲ್ವೆರ್ಟಿಸ್ ಅವರಿಗೆ ಬರಲಿಲ್ಲ. ಐದೂ ಬಾರಿ ತಂಡದಲ್ಲಿದ್ದ ಆಟಗಾರ ಮಾತ್ರ ಅವರೊಬ್ಬರೇ. 2.06 ಮೀಟರ್ ಎತ್ತರವಿದ್ದೂ ದೂರದಿಂದ ಮೂರು ಅಂಕದ ಎಸೆತಗಳನ್ನು ನಿಖರವಾಗಿ ಹಾಕಬಲ್ಲವರಾಗಿದ್ದರಿಂದ ಯಾವ ತಾರೆಯ ಪಕ್ಕದಲ್ಲೂ ಅವರು ಹೊಂದಿಕೊಂಡರು. ಕೊನೆಯ ಋತುಗಳಲ್ಲಿ ಅಂಗಳಕ್ಕಿಂತ ಬೆಂಚಿನ ಮೇಲೆಯೇ ಹೆಚ್ಚು ಹೊತ್ತು ಇರಬೇಕಾದಾಗಲೂ ನಾಯಕ ಅವರೇ.

ಹಾಗೆಂದು ಕ್ಲಬ್ ಬದಲಿಸಿದವರನ್ನು ಹಳಿಯಲಾರೆ. 2010ರಲ್ಲಿ ಒಲಿಂಪಿಯಾಕೋಸ್ ಸೇರಿದ ಸ್ಪನೂಲಿಸ್ ಅಲ್ಲಿಯೇ 2021ರವರೆಗೆ ಆಡಿ, ಎರಡು ಬಾರಿ ಯುರೋಪ್ ಗೆದ್ದು, ಆ ಊರಿನವರೇ ಆಗಿಬಿಟ್ಟರು. ಅದೂ ನಿಷ್ಠೆಯೇ.

ನಿವೃತ್ತಿಯ ನಂತರ ಅಲ್ವೆರ್ಟಿಸ್ ತಂಡದ ಆಡಳಿತದಲ್ಲಿ ಉಳಿದರು. ಕ್ಲಬ್ ಅವರ 4ನೇ ಸಂಖ್ಯೆಯ ಅಂಗಿಯನ್ನು ಬೇರೆಯವರಿಗೆ ಕೊಡದೆ ಮೀಸಲಿಟ್ಟಿತು. 2014ರಲ್ಲಿ ಋತುವಿನ ನಡುವೆ ಕೋಚ್ ಸ್ಥಾನ ಖಾಲಿಯಾದಾಗ ಆ ಹೊಣೆಯನ್ನೂ ಹೊತ್ತು, ಫೈನಲ್‌ನಲ್ಲಿ ಒಲಿಂಪಿಯಾಕೋಸ್ ತಂಡವನ್ನೇ ಸೋಲಿಸಿ ಲೀಗ್ ಗೆದ್ದುಕೊಟ್ಟರು.

ಅವರ ತಂಡದ ಆಟ ನೋಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು 2002ರ ಯುರೋಪಿಯನ್ ಫೈನಲ್. ಬೊಲೊನ್ಯಾದಲ್ಲಿ, ಹಾಲಿ ಚಾಂಪಿಯನ್ ಕಿಂಡರ್ ತಂಡವನ್ನು ಅದರ ತವರಿನ ಪ್ರೇಕ್ಷಕರ ಎದುರೇ 89–83ರಿಂದ ಗೆದ್ದ ಪಂದ್ಯ ಅದು.