ಹೆಸರಘಟ್ಟದ ಬಯಲಲ್ಲಿ ಆರು ಭಾನುವಾರ

ನಮ್ಮ ಕಡೆಯ ಒಂದು ಫೋಟೋ ಕ್ಲಬ್ ಈ ಸಲ ವನ್ಯಜೀವಿ ಚಿತ್ರಗಳ ಸ್ಪರ್ಧೆ ಇಟ್ಟಿದೆ. ಕಬಿನಿ, ಬಂಡೀಪುರದ ಹುಲಿಗೆ ಇಲ್ಲಿ ಜಾಗ ಇಲ್ಲ. ಮನೆಯಿಂದ 25 ಕಿಲೋಮೀಟರ್ ಒಳಗೆ ತೆಗೆದ ಮೂರು ಚಿತ್ರ ಕೊಡಬೇಕು, ಅಷ್ಟೇ. ಗೂಡು, ಮೊಟ್ಟೆಗಳ ಚಿತ್ರ ಬೇಡ. ತಿನ್ನೋಕೆ ಏನಾದರೂ ಹಾಕಿ ಕರೆಯಬಾರದು. ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಬಾರದು. ಜೊತೆಗೆ ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಫೈಲ್ ಕೊಟ್ಟು, ಚಿತ್ರ ಹೇಗೆ ತೆಗೆದೆವು ಅಂತ ನಾಲ್ಕು ಸಾಲು ಬರೆಯಬೇಕು. ಕೊನೆ ದಿನ ಏಪ್ರಿಲ್ 30.

ನನ್ನ ಮನೆ ಯಲಹಂಕದಲ್ಲಿ. ಹಾಗಾಗಿ ಹೆಚ್ಚು ಯೋಚನೆ ಮಾಡದೆ ಹೆಸರಘಟ್ಟ ಅಂದುಕೊಂಡೆ. ಆ ಹೆಸರು ಕೇಳಿದರೆ ಸುಮಾರು ಜನಕ್ಕೆ ನೆನಪಾಗುವುದು ಕೆರೆ. 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಕೆರೆ ಅದು. ನನಗೆ ಇಷ್ಟ ಅದರ ಪಕ್ಕದ ಹುಲ್ಲು ಬಯಲು. ಮರ ಇಲ್ಲ ಅಂತ ಅದನ್ನು ಖಾಲಿ ಜಾಗ ಅನ್ನುವವರೇ ಜಾಸ್ತಿ. ಆದರೆ ಚಳಿಗಾಲದಲ್ಲಿ ಹ್ಯಾರಿಯರ್ ಅನ್ನುವ ಹದ್ದಿನ ಜಾತಿಯ ಹಕ್ಕಿಗಳು ದೂರ ದೇಶದಿಂದ ಬಂದು ಆ ಹುಲ್ಲಿನ ಮೇಲೆ ತೇಲಾಡುತ್ತಾ ಬೇಟೆ ಆಡುತ್ತವೆ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇಲ್ಲಿಯ 5,600 ಎಕರೆಗೂ ಜಾಸ್ತಿ ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿದಾಗ ನಾನು ನಿಜವಾಗಿ ಖುಷಿಪಟ್ಟಿದ್ದೆ.

ಮಾರ್ಚಲ್ಲಿ ವಲಸೆ ಹಕ್ಕಿಗಳು ಹೊರಡುವ ಸಮಯ. ಅದಕ್ಕೇ ವರ್ಷವಿಡೀ ಇಲ್ಲೇ ಇರುವ ಟಿಟ್ಟಿಭವನ್ನು ಆರಿಸಿಕೊಂಡೆ. ಕಣ್ಣ ಮುಂದೆ ಕೆಂಪು ತೊಗಲು, ಉದ್ದನೆಯ ಹಳದಿ ಕಾಲು, ರಾತ್ರಿ ಹೊತ್ತೂ ಕೂಗುತ್ತಾ ಹಾರುವ ಹಕ್ಕಿ. ಎಲ್ಲ ಕಡೆ ಕಾಣುತ್ತದೆ ಅಂತ ಯಾರೂ ನಿಂತು ನೋಡುವುದಿಲ್ಲ.

ಮಾರ್ಚ್ 16

ಮೊದಲ ದಿನವೇ ತಪ್ಪು ಮಾಡಿದೆ. ಬಯಲಲ್ಲಿ ನಡೆಯುತ್ತಿದ್ದಾಗ ಎರಡು ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚೋಕೆ ಶುರು ಮಾಡಿದವು. ಒಂದಂತೂ ಸ್ವಲ್ಪ ದೂರದಲ್ಲಿ ಇಳಿದು, ರೆಕ್ಕೆ ಮುರಿದ ಹಾಗೆ ನೆಲಕ್ಕೆ ಎಳೆಯುತ್ತಾ ಹೋಯಿತು. ಇಷ್ಟು ಹತ್ತಿರ ಸಿಕ್ಕಿತಲ್ಲ ಅಂತ ನಾನು ನಿಂತಲ್ಲೇ ಕ್ಲಿಕ್ಕಿಸುತ್ತಾ ಇದ್ದೆ. ಆಗ ಬೆಳಗ್ಗೆ ಹತ್ತೂವರೆ, ಬಿಸಿಲು ಜೋರಾಗಿತ್ತು.

ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ದೂರದಿಂದಲೇ ಕೂಗಿದರು: "ಈಚೆ ಬನ್ನಿ ಸ್ವಾಮಿ! ಅದು ಮೊಟ್ಟೆ ಇಟ್ಟೈತೆ. ನೀವು ಅಲ್ಲೇ ನಿಂತ್ರೆ ಅದು ಹೆಂಗೆ ಕೂತ್ಕಂತದೆ?"

ಕಾಲ ಬುಡ ನೋಡಿದೆ. ಮೂರು ಹೆಜ್ಜೆ ಆಚೆ, ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಗೂಡು ಅಂತ ಏನೂ ಇಲ್ಲ, ಸುಮ್ನೆ ನೆಲದಲ್ಲಿ ಒಂದು ಸಣ್ಣ ತಗ್ಗು. ಬಂದ ದಾರಿಯಲ್ಲೇ ಹಿಂದೆ ಬಂದೆ. ತಾತನ ಪಕ್ಕ ಕೂತು ನೋಡಿದರೆ, ಹಕ್ಕಿ ವಾಪಸ್ ಬಂದು ಕೂರಲು ಇನ್ನೂ ಒಂಬತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಲ್ಲಿ ಇದ್ದವು. ಈ ಕಾಲದಲ್ಲಿ ಹಕ್ಕಿ ಮೊಟ್ಟೆ ಮೇಲೆ ಕೂರುವುದು ಕಾವಿಗೆ ಮಾತ್ರ ಅಲ್ಲ, ನೆರಳಿಗೂ ಹೌದು. ಇನ್ನೊಂದು ವಿಷಯ ತಾತ ಹೇಳಿದರು. ನಾವು ಎಲ್ಲಿ ಬಗ್ಗಿ ನೋಡುತ್ತೇವೆ ಅನ್ನುವುದನ್ನು ಕಾಗೆ ಗಮನಿಸುತ್ತಾ ಇರುತ್ತದಂತೆ, ಆಮೇಲೆ ಬಂದು ಮೊಟ್ಟೆ ತಿನ್ನೋಕೆ.

ಆ ದಿನದ ರೆಕ್ಕೆ ಎಳೆಯುವ ಚಿತ್ರಗಳು ಚೆನ್ನಾಗಿಯೇ ಬಂದಿವೆ. ಅವುಗಳಲ್ಲಿ ಗೂಡು ಕಾಣುವುದಿಲ್ಲ, ನಿಯಮದ ಪ್ರಕಾರ ಕೊಡಬಹುದು. ಆದರೆ ಆ ಹಕ್ಕಿ ಹಾಗೆ ಮಾಡಿದ್ದು ನನ್ನನ್ನು ಕಂಡ ಭಯದಿಂದ. ಎಲ್ಲ ಅಳಿಸಿದೆ.

ಮಾರ್ಚ್ 23

ಈ ವಾರ ಕ್ಯಾಮೆರಾ ಬಿಟ್ಟು ಬೈನಾಕ್ಯುಲರ್ ಮಾತ್ರ ತೆಗೆದುಕೊಂಡು ಹೋದೆ. ಜೊತೆಗೆ ಸ್ವಲ್ಪ ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅನ್ನುವ ಪದದ ವಿವರಣೆ ಇದೆ. ಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಕೋವಿ ಹಿಡಿದವನಿಗೆ ಮಾತ್ರ ಆ ಪದ ಅಂದುಕೊಂಡಿದ್ದೆ ನಾನು.

ಫಿಲ್ಮ್ ಕಾಲದಲ್ಲಿ ಗೂಡಿನ ಚಿತ್ರಗಳೇ ಜಾಸ್ತಿ ಇರುತ್ತಿದ್ದವು. ಅದಕ್ಕೆ ಕಾರಣ ಇತ್ತು. ಲೆನ್ಸ್ ಅಷ್ಟು ದೂರ ಎಳೆಯುತ್ತಿರಲಿಲ್ಲ, ಹಕ್ಕಿ ಮತ್ತೆ ಮತ್ತೆ ಬಂದೇ ಬರುವ ಜಾಗ ಅಂದರೆ ಗೂಡು. ಮರೆ ಕಟ್ಟಿಕೊಂಡು ದಿನಗಟ್ಟಲೆ ಒಳಗೆ ಕೂರುತ್ತಿದ್ದರು. ಈಗ ನನ್ನಂಥವರ ಕೈಯಲ್ಲೂ 400 ಎಂಎಂ ಲೆನ್ಸ್ ಇದೆ. ಭಾನುವಾರ ಬಂತೆಂದರೆ ಒಂದೇ ಬಯಲಿಗೆ ಎಷ್ಟು ಕ್ಯಾಮೆರಾ ಬರುತ್ತವೆ ಅಂತ ನೋಡಿದವರಿಗೆ ಗೊತ್ತು.

ಹನ್ನೊಂದು ಗಂಟೆಗೆ ಒಂದು ವಿಷಯ ಕಂಡಿತು. ಗೂಡಿನಿಂದ ಎದ್ದ ಹಕ್ಕಿ ಸುಮಾರು ಇನ್ನೂರು ಮೀಟರ್ ಹಾರಿ, ದನಗಳು ನೀರು ಕುಡಿಯುವ ಗುಂಡಿ ಹತ್ತಿರ ಇಳಿಯಿತು. ನೀರಲ್ಲಿ ಕೂತು ಹೊಟ್ಟೆ ಅದ್ದಿತು. ಮತ್ತೆ ಅದ್ದಿತು. ಹಾಗೇ ತೊಟ್ಟಿಕ್ಕುತ್ತಾ ವಾಪಸ್ ಹೋಗಿ ಮೊಟ್ಟೆ ಮೇಲೆ ಕೂತಿತು. ಒದ್ದೆ ಹೊಟ್ಟೆಯಿಂದ ಮೊಟ್ಟೆಗಳನ್ನು ತಂಪು ಮಾಡುವುದು ಈ ಹಕ್ಕಿಯ ಪದ್ಧತಿ ಅಂತ ಓದಿದ್ದೆ. ಕಣ್ಣಾರೆ ನೋಡಿದ್ದು ಇದೇ ಮೊದಲು. ನನ್ನ ಚಿತ್ರ ಗುಂಡಿಯ ಹತ್ತಿರ ಇದೆ ಅಂತ ಆಗಲೇ ಅನ್ನಿಸಿತು.

ಮಾರ್ಚ್ 30

ಗುಂಡಿಯಿಂದ ಹದಿನೈದು ಹೆಜ್ಜೆ ದೂರದಲ್ಲಿ ಮಲಗಿ ಕಾದೆ. ಹಕ್ಕಿ ಎರಡು ಸಲ ಬಂದು, ಮೇಲೆ ಸುತ್ತಿ, ಇಳಿಯದೆ ಹೋಯಿತು. ಬಿಸಿಲಲ್ಲಿ ಅದಕ್ಕೆ ನೀರು ಬೇಕು, ನಾನು ಅಡ್ಡ ಇದ್ದೇನೆ. ಎದ್ದು ಬಂದುಬಿಟ್ಟೆ. ಚಿತ್ರ ಸೊನ್ನೆ.

ಏಪ್ರಿಲ್ 6

ಈ ಸಲ ಆರೂವರೆಗೇ ಹೋಗಿ, ಗುಂಡಿಯಿಂದ ನಲವತ್ತು ಹೆಜ್ಜೆ ದೂರದ ಲಂಟಾನ ಪೊದೆ ಹಿಂದೆ ಕೂತೆ. ಅಲ್ಲಾಡದಿರಲಿ ಅಂತ ಲೆನ್ಸ್ ಕೆಳಗೆ ರಾಗಿ ತುಂಬಿದ ಬಟ್ಟೆ ಚೀಲ. ಮಧ್ಯಾಹ್ನದವರೆಗೂ ಜಾಗ ಬಿಟ್ಟು ಏಳಲಿಲ್ಲ. ಕುರಿಗಳು ಬಂದು ಹೋದವು, ಹಕ್ಕಿಗೆ ಅವುಗಳ ಚಿಂತೆ ಇಲ್ಲ. ಒಂಬತ್ತೂ ಮುಕ್ಕಾಲಿಗೆ ಅದು ಬಂದು ನೇರವಾಗಿ ನೀರಿಗೆ ಇಳಿಯಿತು. ನನ್ನ ಕಡೆ ತಲೆ ಎತ್ತಿ ಕೂಡ ನೋಡಲಿಲ್ಲ. ಆ ಕ್ಷಣದ ಸಂತೋಷ ಬರೆಯೋಕೆ ಬರುತ್ತಿಲ್ಲ.

ಕಷ್ಟ ಎಲ್ಲಿ ಅಂದರೆ, ಹಕ್ಕಿ ಹೊಟ್ಟೆ ಅದ್ದುವುದು ಬಿಸಿಲೇರಿದ ಮೇಲೆ. ಬಿಸಿಲೇರಿದರೆ ನೆಲದ ಹತ್ತಿರ ಗಾಳಿ ನಡುಗುತ್ತದೆ. ಎಷ್ಟು ಒಳ್ಳೆ ಲೆನ್ಸ್ ಇದ್ದರೂ ಚಿತ್ರ ನೀರಲ್ಲಿ ಅಲ್ಲಾಡಿದ ಹಾಗೆ ಬರುತ್ತದೆ. ಹನ್ನೊಂದರ ನಂತರ ತೆಗೆದ ಒಂದೂ ಉಪಯೋಗಕ್ಕೆ ಬರಲಿಲ್ಲ. ಮೊದಲ ಸಲ ಇಳಿದಾಗ ತೆಗೆದ ಎಂಬತ್ತರಲ್ಲಿ ಮೂರು ಚೆನ್ನಾಗಿವೆ. ಒಂದರಲ್ಲಿ ಹಕ್ಕಿ ಎದ್ದು ನಿಂತಿದೆ, ಹೊಟ್ಟೆಯ ಬಿಳಿ ಗರಿಗಳು ಅಂಟಿಕೊಂಡು ಐದಾರು ಹನಿ ಬೀಳುತ್ತಿವೆ. ಮೊದಲ ಚಿತ್ರ ಸಿಕ್ಕಿತು.

ಏಪ್ರಿಲ್ 13

ಬಯಲಿಗೆ ಕಾಲಿಟ್ಟ ಕೂಡಲೇ ಹೊಟ್ಟೆ ತೊಳಸಿತು. ಹುಲ್ಲಿನ ಮೇಲೆ ಜೀಪಿನ ಹೊಸ ಗುರುತು, ಉದ್ದಕ್ಕೂ. ಯಾರೋ ಫೋಟೋಗೆ ಬಂದು ದಾರಿ ಬಿಟ್ಟು ಓಡಿಸಿದ್ದಾರೆ ಅಂತ ತಾತ ಹೇಳಿದರು. ಟಿಟ್ಟಿಭ ಮಾತ್ರ ಅಲ್ಲ, ಲಾರ್ಕ್ ಹಕ್ಕಿಗಳೂ ಈ ನೆಲದಲ್ಲೇ ಮೊಟ್ಟೆ ಇಡುತ್ತವೆ. ಕಾರಿನ ಒಳಗೆ ಕೂತವರಿಗೆ ಅದು ಕಾಣುವುದೇ ಇಲ್ಲ.

ಬೈನಾಕ್ಯುಲರಲ್ಲಿ ಹುಡುಕಿದೆ. ಹಕ್ಕಿ ಕೂತೇ ಇತ್ತು. ಗುರುತು ಅದರ ಪಕ್ಕದಲ್ಲೇ ಹಾದು ಹೋಗಿದೆ.

ಇದರಲ್ಲಿ ನನ್ನ ಪಾಲೂ ಇದೆ. ಹೋದ ಚಳಿಗಾಲ ಇಲ್ಲಿ ಹುಲ್ಲಲ್ಲಿ ಕೂತಿದ್ದ ಒಂದು ವಲಸೆ ಗೂಬೆ ಕಂಡಾಗ, ಖುಷಿಯಲ್ಲಿ ವಾಟ್ಸಾಪ್ ಗುಂಪಿಗೆ ಲೊಕೇಶನ್ ಹಾಕಿದ್ದೆ. ಮುಂದಿನ ಭಾನುವಾರ ಹನ್ನೊಂದು ಕಾರು ಬಂದಿದ್ದವು. ಗೂಬೆ ಮತ್ತೆ ಆ ಜಾಗದಲ್ಲಿ ಕಾಣಲಿಲ್ಲ. ಈಗ ಯಾರಿಗೂ ಜಾಗ ಹೇಳುವುದಿಲ್ಲ. ಹಾಕುವ ಚಿತ್ರಗಳಿಂದ ಜಿಪಿಎಸ್ ವಿವರ ತೆಗೆದುಹಾಕುತ್ತೇನೆ. ಸ್ನೇಹಿತರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಆ ದಿನ ಟೈರಿನ ಗುರುತನ್ನೇ ಒಂದು ಚಿತ್ರ ತೆಗೆದೆ. ಮುಂದೆ ನುಜ್ಜಾದ ಹುಲ್ಲು, ತುಂಬಾ ಹಿಂದೆ ಚುಕ್ಕೆಯ ಹಾಗೆ ಕಾವಲು ನಿಂತ ಗಂಡು ಅಥವಾ ಹೆಣ್ಣು. ಈ ಹಕ್ಕಿಯಲ್ಲಿ ಎರಡೂ ನೋಡೋಕೆ ಒಂದೇ ಥರ.

ಏಪ್ರಿಲ್ 20

ಗೂಡಿನ ಜಾಗದಲ್ಲಿ ಹಕ್ಕಿ ಇಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಕೆರೆ ಕಡೆ ಎರಡೂ ಕಂಡವು, ನಾನು ತುಂಬಾ ದೂರ ಇದ್ದರೂ ಕೂಗುತ್ತಿದ್ದವು. ಮರಿಗಳು ಮೊಟ್ಟೆ ಒಡೆದ ಸ್ವಲ್ಪ ಹೊತ್ತಿಗೇ ನಡೆಯುತ್ತವೆ. ಅಪ್ಪ ಅಮ್ಮ ಕೂಗಿದರೆ ಹುಲ್ಲಲ್ಲಿ ಕಲ್ಲಿನ ಹಾಗೆ ಕವುಚಿ ಮಲಗುತ್ತವೆ. ಕಾಲ ಕೆಳಗೆ ಸಿಕ್ಕರೆ ಅನ್ನುವ ಭಯಕ್ಕೆ ಹುಡುಕೋಕೆ ಹೋಗಲಿಲ್ಲ. ಎಷ್ಟು ಮರಿ ಅಂತ ಗೊತ್ತಿಲ್ಲ. ಏರಿ ಮೇಲಿಂದ ಬಯಲು, ಮೋಡ, ಸಣ್ಣದಾಗಿ ಹಾರುತ್ತಿರುವ ಜೋಡಿ, ಇಷ್ಟನ್ನು ಅಗಲವಾಗಿ ತೆಗೆದೆ. ಅದು ಎರಡನೆಯದು.

ಮೂರನೆಯದಾಗಿ ಟೈರಿನ ಗುರುತಿನ ಚಿತ್ರ ಕೊಡಬೇಕು ಅಂತ ಆಸೆ. ದೊಡ್ಡ ಸಲೋನ್‌ಗಳ, ಅಂದರೆ ದೊಡ್ಡ ಫೋಟೋ ಸ್ಪರ್ಧೆಗಳ, ಪ್ರಕೃತಿ ವಿಭಾಗದಲ್ಲಿ ಮನುಷ್ಯರ ಗುರುತು ಇರುವ ಚಿತ್ರವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಕ್ಲಬ್ಬಿನವರ ನಿಯಮದಲ್ಲಿ ಆ ಮಾತು ಇಲ್ಲ. ಹಾಗಾಗಿ ಕೇಳಿ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಆಗಲ್ಲ ಅಂದರೆ ಇನ್ನೊಂದು ಭಾನುವಾರ ಇದೆ, 27ನೇ ತಾರೀಕು. ತಾತನಿಗೆ ಹನಿ ಬೀಳುವ ಚಿತ್ರದ ಒಂದು ಪ್ರಿಂಟ್ ಮಾಡಿಸಿ ಇಟ್ಟಿದ್ದೇನೆ. ಅಂದು ಕೊಡಬೇಕು.